ರುದ್ರವ್ವನ ಮೈಯೊಳಗಿನ ನಡುಕ

ಬಬಲೇಶ್ವರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೊಟ್ಟಿ ರುದ್ರವ್ವ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಗಂಡ ತೀರಿಹೋದ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟೇ ಮಗ ಸಿದ್ದಲಿಂಗೇಶನನ್ನು ದೊಡ್ಡವನನ್ನಾಗಿ ಮಾಡಿದವಳು. ಮಗ ಈಗ ಟಂಟಂ ಆಟೋ ಓಡಿಸುತ್ತಾನೆ. ಸೊಸೆ ಸೌಭಾಗ್ಯ ಹಿಟ್ಟು ನಾದಿ ಕೊಡುತ್ತಾಳೆ, ಬಡಿಯುವುದು ಮಾತ್ರ ರುದ್ರವ್ವನೇ. ಮೊಮ್ಮಗಳು ವಿಜ್ಜಿ ಹಾಲು ಬಿಟ್ಟಾಗಿನಿಂದ ಮಲಗುತ್ತಿದ್ದುದು ಅಜ್ಜಿಯ ಮಗ್ಗುಲಲ್ಲೇ.

ಆ ವರ್ಷ ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಭೂಮಿ ಮೇಲಿಂದ ಮೇಲೆ ಸಣ್ಣಗೆ ಕಂಪಿಸಿತು. ಡಬ್ಬಿಗಳು ಗಡಗಡ ಅಂದವು, ಜನ ಹೊರಗೆ ಓಡಿದರು, ಕೆಲವು ದಿನ ಅಂಗಳದಲ್ಲಿ ಮಲಗಿ ಆಮೇಲೆ ಮರೆತರು. ರುದ್ರವ್ವನಿಗೆ ಮಾತ್ರ ಅದು ನಿಲ್ಲಲಿಲ್ಲ. ನಸುಕಿನಲ್ಲಿ, ಇನ್ನೂ ಅರೆನಿದ್ದೆಯಲ್ಲಿರುವಾಗ, ಪಾದದಿಂದ ಜುಮುಜುಮು ಎದ್ದು ಮಲಗಿದ ಹೊರಸೇ ನಡುಗಿದಂತಾಗುತ್ತಿತ್ತು.

“ಏಳ್ರಿ, ಹೊರಗ ನಡೀರಿ! ಭೂಮಿ ನಡಗಾಕತ್ತೇತಿ!”

ಮಗುವನ್ನು ಎತ್ತಿಕೊಂಡು ಎಲ್ಲರೂ ಓಡಿ ಬಂದರೆ ಓಣಿ ತಣ್ಣಗಿರುತ್ತಿತ್ತು. ಎದುರು ಮನೆಯ ಮದೀನಾಬಿ ನಳದ ಮುಂದೆ ನೀರು ತುಂಬುತ್ತ, “ಏನೂ ಆಗಿಲ್ಲ ಬೇ, ನಾ ಇಲ್ಲೇ ಅದೀನಲ್ಲ” ಅನ್ನುವಳು. ಮತ್ತೊಮ್ಮೆ ಹೀಗೇ ಆದಾಗ ಸಿದ್ದಲಿಂಗೇಶ ಅಂಗಿಯಿಲ್ಲದೆ ಓಣಿಯಲ್ಲಿ ನಿಂತು ಸಿಡುಕಿದ.

“ಯವ್ವಾ, ಇದು ನಿನಗಷ್ಟ ಆಗೂದು. ಓಣ್ಯಾಗ ನಗಾಕತ್ತಾರ.”

ಅಂದಿನಿಂದ ರುದ್ರವ್ವ ಕೂಗುವುದನ್ನು ಬಿಟ್ಟಳು. ನಡುಕ ಬಂದರೆ ಕಣ್ಣು ಮುಚ್ಚಿ, ಮೊಳಕಾಲು ಅವುಚಿಕೊಂಡು, ತಾನಾಗಿ ಹೋಗಲಿ ಎಂದು ಕಾಯುವಳು. ಅಂಗೈಯೂ ಮರಗಟ್ಟತೊಡಗಿತ್ತು. ಒಮ್ಮೆ ಹಂಚಿಗೆ ತಾಗಿದ ಬೆರಳು ಸುಟ್ಟದ್ದು ಅವಳಿಗೆ ಗೊತ್ತಾದದ್ದು ವಾಸನೆ ಬಂದ ಮೇಲೆ. ಹೇಳಿದರೆ ರೊಟ್ಟಿ ಬಡಿಯುವುದು ಬಿಡಿಸುತ್ತಾರೆ ಎಂದು ಅದನ್ನೂ ಹೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ನಸುಕು ಹೊರಸು ನಡುಗಿತು. ‘ಇದು ನಂದ ನಡುಕ, ನಂದ’ ಅಂದುಕೊಂಡು ರುದ್ರವ್ವ ಹಲ್ಲು ಕಚ್ಚಿ ಮಲಗಿದಳು. ಗೋಡೆಯ ಹಲಗೆಯ ಅಂಚಿಗಿದ್ದ ತಾಮ್ರದ ಕೊಡ ಜಾರಿ ವಿಜ್ಜಿಯ ತಲೆಯ ಪಕ್ಕಕ್ಕೇ ಬಿತ್ತು. ಮಗು ಕಿಟಾರನೆ ಕಿರುಚಿತು. ಹೊರಗೆ ಓಣಿ ತುಂಬ ಜನರ ಕೂಗು. ಈ ಸಲ ನಡುಗಿದ್ದು ನೆಲವೇ.

ಸೌಭಾಗ್ಯ ಓಡಿಬಂದು ಮಗುವನ್ನು ಬಾಚಿಕೊಂಡಳು. ಕಿವಿಯ ಹತ್ತಿರ ತರಚಿತ್ತು, ಅಷ್ಟೆ. ಅತ್ತೆ ಮೊಳಕಾಲು ಅವುಚಿಕೊಂಡೇ ಇದ್ದದ್ದನ್ನು ಕಂಡಳು.

“ಅತ್ತಿ, ನಿಮಗ ಎಚ್ಚರಿತ್ತು. ಯಾಕ ಎಬ್ಬಿಸಲಿಲ್ರಿ?”

ರುದ್ರವ್ವ ಇಡೀ ದಿನ ಒಲೆ ಹೊತ್ತಿಸಲಿಲ್ಲ. ಸಂಜೆ ಮಗನನ್ನು ಕೂರಿಸಿಕೊಂಡು ಪಾದದ್ದು, ಬೆರಳಿನದು, ಎಲ್ಲ ಹೇಳಿದಳು. ಅವನು ಸುಟ್ಟ ಬೆರಳನ್ನು ಹಿಡಿದು ನೋಡಿ, ನಾಳೆಯೇ ದವಾಖಾನೆಗೆ ಹೋಗೋಣ ಎಂದ.

ಮರುದಿನ ವಿಜಯಪುರದ ಜಲನಗರದ ದವಾಖಾನೆಯಲ್ಲಿ ಡಾಕ್ಟರ್ ಸಮ್ರೀನ ಅವಳ ಅಂಗಾಲಿಗೆ ಹತ್ತಿ ಮುಟ್ಟಿಸಿದರು, ಮಣಿಕಟ್ಟನ್ನು ಬೆರಳಿನಿಂದ ತಟ್ಟಿದರು. ಅವಳು ನುಂಗುವ ಸಕ್ಕರೆ ಕಾಯಿಲೆಯ ಗುಳಿಗೆ ಎಷ್ಟು ವರ್ಷದಿಂದ, ಉಣ್ಣದೆ ಮಲಗುವುದುಂಟೇ ಎಂದು ಕೇಳುತ್ತ ಹೋದರು.

“ನನಗೂ ಲಕ್ವಾ ಹೊಡಿತೈತೇನ್ರಿ?” ಅಂದಳು ರುದ್ರವ್ವ. ಗಂಡ ಹೋದದ್ದು ಆ ಪಾರ್ಶ್ವವಾಯುವಿನಲ್ಲೇ.

“ಹಂಗ ಕಾಣೂದಿಲ್ಲ. ಆದ್ರ ಕಾರಣ ಒಂದ ಅಂತ ಹೇಳಾಕ ಬರೂದಿಲ್ಲ ಅವ್ವಾ. ಸಕ್ಕರೆ ಬ್ಯಾನಿಗೆ ನರ ಸೊರಗ್ತಾವ. ಆ ಗುಳಿಗಿ ಭಾಳ ವರ್ಷ ನುಂಗಿದ್ರ ಬಿ-ಹನ್ನೆರಡು ಅನ್ನೂ ಜೀವಸತ್ವ ಕಮ್ಮಿ ಆಗಬಹುದು, ಆಗೂ ಜುಮು ಹಿಡೀತೈತಿ. ರೊಟ್ಟಿ ಬಡದು ಮಣಿಕಟ್ಟಿನ ನರ ಒತ್ತಿರಬೇಕು. ಗುಳಿಗಿ ತಗೊಂಡು ಉಪವಾಸ ಮಲಗಿದ್ರ ಸಕ್ಕರೆ ಇಳದು ನಡುಕ ಬರಬಹುದು. ಅಂಜಿಕಿ ಹೊಕ್ಕಿದ್ರೂ ಮೈ ನಡಗತೈತಿ. ಮೊದಲ ರಕ್ತ ನೋಡೂಣು.”

ರಕ್ತದಲ್ಲಿ ಆ ಜೀವಸತ್ವ ತೀರ ಕಡಿಮೆಯಿತ್ತು. ಸೂಜಿ ಶುರುವಾದವು, ಮಲಗುವಾಗ ಮಣಿಕಟ್ಟಿಗೆ ಪಟ್ಟಿ ಬಂತು. ರೊಟ್ಟಿ ಬಡಿಯಲು ಸೌಭಾಗ್ಯ ಕೂತಳು. ಅವಳ ರೊಟ್ಟಿ ದಪ್ಪ ಎಂದು ಒಂದು ಖಾನಾವಳಿಯವರು ಬಿಟ್ಟೇಬಿಟ್ಟರು.

ತಿಂಗಳುಗಳ ಮೇಲೆ ಪಾದದ ಜುಮು ಇಳಿಯಿತು. ಬೆರಳಿನದು ಪೂರ್ತಿ ಹೋಗಲಿಲ್ಲ. ನಸುಕಿನ ನಡುಕ ಈಗಲೂ ಒಮ್ಮೊಮ್ಮೆ ಬರುತ್ತದೆ. “ಸಂಶೆ ಬಂದ್ರ ಕೂಗ್ರಿ ಅತ್ತಿ, ಸುಳ್ಳಾದ್ರೂ ಚಿಂತಿಲ್ಲ” ಎಂದು ಸೌಭಾಗ್ಯ ಹೇಳಿದ್ದಾಳೆ. ಒಂದೆರಡು ಸಲ ಕೂಗಿದಾಗ ಯಾರೂ ಬೈಯಲಿಲ್ಲ. ಎದ್ದು ಬಂದರು, ನಿಂತರು, ಒಳಗೆ ಹೋದರು. ಆದರೆ ವಿಜ್ಜಿಯನ್ನು ಸೌಭಾಗ್ಯ ತನ್ನ ಖೋಲಿಯಲ್ಲೇ ಮಲಗಿಸುತ್ತಾಳೆ. ಮಗು ಮರೆತು ಅಜ್ಜಿಯ ಹೊರಸು ಹತ್ತಲು ಬಂದರೆ, “ನಿಮ್ಮವ್ವನ ಕಡೆ ಹೋಗ ನನ್ನವ್ವಾ” ಎಂದು ರುದ್ರವ್ವನೇ ಕೆಳಗಿಳಿಸಿ ಕಳಿಸುತ್ತಾಳೆ.