ಕೂಲರಿನ ಕೋಣೆಯ ಎಲೆಬಳ್ಳಿ

ಎಲೆಬಳ್ಳಿಗೆ ಕೂಲರ್ ಹಾಕಿದ ಮನೆ ಹೊಸಪೇಟೆಯ ಟಿ.ಬಿ. ಡ್ಯಾಮ್ ಕಾಲೊನಿಯಲ್ಲಿ ನಮ್ಮದೊಂದೇ ಇರಬೇಕು. ನಮ್ಮ ಕ್ವಾರ್ಟರ್ಸಿನ ಸಾಲಿಗೆ ಹೊಸಬರು ಯಾರೇ ಬರಲಿ, ಪಕ್ಕದ ಮನೆಯವರು ನಮ್ಮನ್ನು ಪರಿಚಯಿಸುವುದು ಇವತ್ತಿಗೂ ಹಾಗೆಯೇ.

ಆದದ್ದಿಷ್ಟು. ಕಂಪ್ಲಿಯಲ್ಲಿ ನಮ್ಮ ಅತ್ತೆಯ ಮನೆಯ ಹಿತ್ತಿಲಲ್ಲಿ ನುಗ್ಗೆಮರಕ್ಕೆ ಹಬ್ಬಿದ ಒಂದು ವೀಳ್ಯದೆಲೆಯ ಬಳ್ಳಿ ಇತ್ತು. ಅತ್ತೆ ಮದುವೆಯಾಗಿ ಬರುವಾಗ ತವರಿನ ತೋಟದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟ ಕಡ್ಡಿ ಅದು. ಆ ತೋಟವೇ ಈಗಿಲ್ಲ, ಎಂದೋ ಭತ್ತದ ಗದ್ದೆಯಾಗಿದೆ. ಎಲೆ ಸಣ್ಣದು, ತುಸು ಹಳದಿ ಬಣ್ಣ. ಬಾಯಿಗಿಟ್ಟರೆ ಮೊದಲು ಚುರ್ರೆನ್ನುವ ಖಾರ, ಅದರ ಬೆನ್ನಿಗೆ ತಂಪು. ಅತ್ತೆ ಬೇರೆ ಎಲೆ ಮೆದ್ದದ್ದನ್ನು ನಾನು ಕಂಡಿಲ್ಲ. ಮದುವೆಮನೆಗೆ ಹೋದರೂ ತಮ್ಮ ಎಲೆ ತಮ್ಮ ಸಂಚಿಯಲ್ಲಿ.

ಆ ವರ್ಷ ನನ್ನ ಮೈದುನ ಹಿತ್ತಿಲ ಕಡೆಗೆ ಎರಡು ಕೋಣೆ ಕಟ್ಟಿಸಲು ಹೊರಟ. ಯುಗಾದಿ ಮುಗಿಯುತ್ತಲೇ ಹಿತ್ತಿಲಗೋಡೆ ಕೆಡವುವುದು, ಮೇ ಹೊತ್ತಿಗೆ ನುಗ್ಗೆಮರ ಕಡಿಯುವುದು ಎಂದಾಯಿತು. ಮೊಮ್ಮಕ್ಕಳಿಗೆ ಜಾಗ ಸಾಲುತ್ತಿರಲಿಲ್ಲ, ಕಟ್ಟಿಸು ಎಂದು ಮೊದಲು ಹೇಳಿದವರೇ ಅತ್ತೆ. ಆದರೆ ಬಳ್ಳಿ? ಅವರು ನನಗೆ ಫೋನು ಮಾಡಿದರು.

"ಕಡ್ಡಿ ಕೊಯ್ಕೊಂಡು ನಿಮ್ಮನಿಗೆ ಬರ್ತೀನಿ. ಇಲ್ಲಿ ಬರೇ ಸಿಮೆಂಟು, ಉಸುಕು. ಬೇರು ಬಿಡೂ ತನಕ ಜಾಗ ಕೊಡ್ತೀಯೇನು?"

"ಹೊಸಪೇಟಿ ಮಾರ್ಕೆಟ್ಟಿನ್ಯಾಗ ಮಸ್ತ್ ಎಲಿ ಸಿಗ್ತಾವಲ್ರೀ ಅತ್ತಿ," ಎಂದೆ, ತಮಾಷೆಗೆ.

"ಸಿಗ್ತಾವ. ಹಸಿ ರಟ್ಟು ಅಗದಂಗ ಇರ್ತಾವ. ನಾ ಕೇಳಿದ್ದಕ್ಕ ಉತ್ರ ಕೊಡವಾ."

ಮರುದಿನವೇ ಬಸ್ಸಿಳಿದರು. ಕೈಯಲ್ಲಿ ಬಾಳೆಎಲೆಯ ಸುರುಳಿ. ಬಿಚ್ಚಿದರೆ ಒದ್ದೆ ಧೋತರದ ತುಂಡಿನಲ್ಲಿ ಹನ್ನೆರಡು ಕಡ್ಡಿ, ಮಲಗಿಸಿದ ಕೂಸುಗಳ ಹಾಗೆ.

ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ. ಡ್ಯಾಮಿನಲ್ಲಿ ಅಷ್ಟು ನೀರಿದ್ದರೂ ಮಧ್ಯಾಹ್ನದ ಗಾಳಿ ಬಂಡೆಯ ಮೇಲೆ ಹೊರಳಾಡಿ ಬಂದಂತೆ ಬರುತ್ತದೆ. ವರಾಂಡದಲ್ಲಿ ನೆರಳಿದೆಯಲ್ಲ ಎಂದು ನಾಲ್ಕು ಕಡ್ಡಿ ಕುಂಡಕ್ಕೆ ಹಾಕಿ ಅಲ್ಲಿಟ್ಟೆವು. ಮೂರನೇ ದಿನಕ್ಕೆ ನಾಲ್ಕೂ ಹುರಿದ ಮೆಣಸಿನಕಾಯಿಯಂತೆ ಕರ್ರಗಾದವು. ಅತ್ತೆ ಆ ಹೊತ್ತು ಊಟಕ್ಕೆ ಕೂತು ಅರ್ಧ ರೊಟ್ಟಿಗೇ ಎದ್ದರು. ಅವರು ಅರ್ಧ ರೊಟ್ಟಿಗೆ ಏಳುವುದೆಂದರೆ ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ. ನಾನು ಸ್ಕೂಟಿಯ ಹಿಂದೆ ಅವರನ್ನು ಕೂರಿಸಿಕೊಂಡು ಮಲಪನಗುಡಿಯ ಒಂದು ಸಣ್ಣ ನರ್ಸರಿಗೆ ಹೋದೆ.

ನರ್ಸರಿಯ ಮಾಲೀಕರು ಅಲ್ಲಿ ಗುಲಾಬಿ, ದಾಸವಾಳಗಳನ್ನು ಕಡ್ಡಿಯಿಂದಲೇ ಸಾವಿರಗಟ್ಟಲೆ ಎಬ್ಬಿಸುವವರು. ಎಲ್ಲ ಕೇಳಿ ನಕ್ಕರು.

"ಅಮ್ಮಾರ, ಕಡ್ಡಿಗೆ ಬೇರಿಲ್ಲ. ನೀರು ಕುಡ್ಯಾಕ ಬಾಯಿ ಇಲ್ಲದ್ದು ಅದು. ಎಲಿ ಮ್ಯಾಲಿನ ತ್ಯಾವನ ಅದಕ್ಕ ಅನ್ನ. ಮನಿಯೊಳಗ ತಂಪಾಗಿರೋ ಒಂದು ಕ್ವಾಣಿ ಅದಕ್ಕ ಬಿಟ್ಟುಕೊಡ್ರಿ. ಬೆಳಕು ಬೇಕು, ಬಿಸಲು ಬ್ಯಾಡ."

"ಬಂದದ್ದು ನಮ್ಮ ಬಳ್ಳೀನ ಆಗಿರ್ತೈತೇನ್ರೀ?" ಅತ್ತೆಯ ಚಿಂತೆಯೇ ಬೇರೆ.

"ಬೀಜದ್ದಾದ್ರ ಅಪ್ಪನ ಮೂಗು, ಅವ್ವನ ಕಣ್ಣು ಅಂತ ಕಲಬೆರಕಿ ಆಗ್ತೈತಿ. ಕಡ್ಡಿಗೆ ಆ ಗದ್ಲ ಇಲ್ಲ. ತಾಯೀನ ಅದು."

ಅತ್ತೆ ನನ್ನ ಕಡೆ ತಿರುಗಿದರು. "ನೋಡು, ಸೊಸಿ ಕಾಲ್ಗುಣಾನೂ ಹತ್ತಂಗಿಲ್ಲ!"

ಬರುವಾಗ ಇಬ್ಬರೂ ನಗುತ್ತ ಬಂದೆವು. ಉಳಿದ ಎಂಟು ಕಡ್ಡಿಗಳ ಬುಡವನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಎರಡು ಗೆಣ್ಣು ಒಳಗೆ, ಎರಡು ಹೊರಗೆ ಬರುವಂತೆ ಊರಿದೆವು. ಕೆಮ್ಮಣ್ಣು, ಉಸುಕು, ಹಳೆಯ ಸಗಣಿಗೊಬ್ಬರ, ತೆಂಗಿನ ನಾರಿನ ಪುಡಿ ಎಲ್ಲ ನರ್ಸರಿಯವರು ಹೇಳಿದ ಅಳತೆಯಲ್ಲೇ. ನೀರಿನ ಬಾಟಲಿಗಳ ತಳ ಕತ್ತರಿಸಿ ಒಂದೊಂದು ಕಡ್ಡಿಗೂ ಟೊಪ್ಪಿಗೆ ಹಾಕಿದೆವು. ಉತ್ತರದ ಕಿಟಕಿಯಿರುವ ನಡುಕೋಣೆಯೇ ಒಳ್ಳೆಯದು ಎಂದಾಯಿತು. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದೆವು; ಮೂಲೆಯಲ್ಲಿ ಕೂಲರ್. ಆ ಕೋಣೆ ಅಲ್ಲಿಯತನಕ ನಮ್ಮ ಯಜಮಾನರದ್ದು, ಆ ಕೂಲರ್ ಕೂಡ.

"ಎಲಿಗೆ ಕೂಲರ್ರು, ಮಗಗ ಬೀಸಣಿಗಿ. ಚಲೋ ನ್ಯಾಯ ಐತಿಬೇ ಯವ್ವಾ!"

"ನಿನಗ ಬೇರು ಬಂದು ಐವತ್ತು ವರ್ಷ ಆತಲೇ. ಹೊರಗ ಮಲಕ್ಕೋ."

ಕೋಣೆಗೆ ಅತ್ತೆಯ ಕಟ್ಟಳೆಗಳು ಬಂದವು. ಎಲೆತೋಟದೊಳಗೆ ಚಪ್ಪಲಿ ಹಾಕಿ ಹೋಗಬಾರದೆಂಬುದು ಅವರ ತವರಿನ ರೂಢಿ. ನಡುಕೋಣೆಯೂ ಈಗ ತೋಟವೇ, ಕಾಲು ತೊಳೆದೇ ಒಳಗೆ ಬರಬೇಕು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅದೇ ಒದ್ದೆ ಬೆರಳಿನಿಂದ ಕುಂಡಗಳಿಗೆ ವಿಭೂತಿ ಎಳೆಯುತ್ತಿದ್ದರು. ಕಡ್ಡಿಗೂ ಒಂದೊಂದು ಬೊಟ್ಟು ಮುಟ್ಟಿಸುತ್ತಿದ್ದರು. ನಾನು ಬೇಲಿಯ ದಾಸವಾಳ ಕಿತ್ತು ತಂದು ಪೂಜೆಯ ಹೂವಿನ ಬುಟ್ಟಿಯನ್ನು ಅಲ್ಲೇ ತಂಪಿಗೆ ಇಡುತ್ತಿದ್ದೆ. ಎರಡು ಕಡ್ಡಿ ಕೊಳೆತವು. ಆರರಲ್ಲಿ ಚಿಗುರೊಡೆಯಿತು. ಮೊದಲ ಚಿಗುರು ಕಂಡ ದಿನ ಅತ್ತೆ ಬಾಟಲಿಯ ಟೊಪ್ಪಿಗೆ ತೆಗೆದು, ಬಗ್ಗಿ ನೋಡಿ, ಮತ್ತೆ ಹಾಕಿ, ಹೀಗೆ ಹನ್ನೊಂದು ಸಲ ನೋಡಿರಬೇಕು. ಕೊನೆಗೆ, "ಬಿಡ್ರೀ, ಅದಕ್ಕ ನಾಚಿಕಿ ಆಕ್ಕೈತಿ," ಎಂದು ನಾನೇ ಎಬ್ಬಿಸಿದೆ.

ಮೇ ತಿಂಗಳ ನಡುವೆ ಕಂಪ್ಲಿಯಿಂದ ಫೋನು ಬಂತು. ನುಗ್ಗೆಮರ ಬಿತ್ತು, ಬಳ್ಳಿಯೂ ಹೋಯಿತು, ಪಾಯ ತೋಡುತ್ತಿದ್ದಾರೆ. ಅತ್ತೆ ಸುಮ್ಮನೆ "ಹೂಂ" ಎಂದು ಫೋನು ನನ್ನ ಕೈಗೆ ಕೊಟ್ಟರು. ಇನ್ನು ತರುತ್ತೇವೆಂದರೂ ಕಡ್ಡಿಯಿಲ್ಲ. ಆ ರುಚಿ ಲೋಕದಲ್ಲಿ ಉಳಿದಿದ್ದರೆ ನಮ್ಮ ನಡುಕೋಣೆಯ ಆರು ಕುಂಡಗಳಲ್ಲಿ.

ಅದೇ ಹೊತ್ತಿಗೆ ಚಿಗುರು ನಿಂತಿತು. ಎಲೆಗಳು ಮುರುಟಿಕೊಂಡವು. ಗೆಣ್ಣುಗಳ ಸಂದಿಯಲ್ಲಿ, ಎಲೆಯ ಹಿಂಬದಿಯಲ್ಲಿ ಬಿಳಿ ಹೆಚ್ಚಾಗುತ್ತಿತ್ತು. ಅದನ್ನು ನಾನು ದಿನವೂ ಕಂಡಿದ್ದೆ. ಅತ್ತೆ ಚಿಂತೆಗೆ ಬಿದ್ದು ವಿಭೂತಿಯನ್ನು ಧಾರಾಳವಾಗಿ ಹಚ್ಚುತ್ತಿದ್ದಾರೆ, ಹೇಳಿದರೆ ನೊಂದುಕೊಳ್ಳುತ್ತಾರೆ ಎಂದು ಸುಮ್ಮನಿದ್ದೆ. ಅತ್ತೆಯೂ ಕಂಡಿದ್ದರು. ಅವರು ತಿಳಿದದ್ದೇನೆಂದರೆ, ನನಗೆ ಬುದ್ಧಿ ಬಂದು ನಾನೂ ವಿಭೂತಿ ಹಚ್ಚತೊಡಗಿದ್ದೇನೆ! ಆ ವಾರ ನನ್ನನ್ನು ಫೋನಿನಲ್ಲಿ ತಮ್ಮ ತಂಗಿಯೆದುರು ಹೊಗಳಿದ್ದೂ ಆಗಿತ್ತು.

ಒಂದು ಭಾನುವಾರ ನಮ್ಮ ಯಜಮಾನರು ಕೂಲರಿಗೆ ನೀರು ಹಾಕಲು ಬಂದವರು ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ನೋಡಿದರು.

"ಯವ್ವಾ, ಇಲ್ಲಿ ಬಾಬೇ. ನಿನ್ನ ವಿಭೂತಿ ನಡ್ಯಾಕತ್ತೈತಿ."

"ಬಾಯಿ ಮುಚ್ಚಲೇ. ವಿಭೂತಿ ಅಂದ್ರ ಆಟ ಮಾಡೀಯೇನು?"

"ದೇವರಾಣಿ! ಕಾಲದಾವ ಇದಕ್ಕ!"

ಓಡಿ ಹೋಗಿ ನೋಡಿದರೆ ಹೌದು, ನಡೆಯುತ್ತಿತ್ತು. ಹಿಟ್ಟು ಮೆತ್ತಿಕೊಂಡಂಥ ಸಣ್ಣ ಸಣ್ಣ ಹುಳ, ಅವುಗಳ ಹಿಂದೆ ಇರುವೆಯ ಸಾಲು. ಅತ್ತೆ ನನ್ನನ್ನು ನೋಡಿದರು.

"ನೀ ಹಚ್ಚಿದ್ದಲ್ಲೇನು?"

"ನಾ ಎಲ್ಲಿ ಹಚ್ಚೀನ್ರೀ? ನೀವ ಹಚ್ಚೀರಿ ಅಂತ…"

"ಭಾಳ ಚಲೋ ಆತು," ಎಂದರು ನಮ್ಮ ಯಜಮಾನರು. "ಅತ್ತಿ ಸೊಸಿ ಕೂಡಿ ಹದಿನೈದು ದಿವ್ಸ ಹುಳಕ್ಕ ಕೈ ಮುಗದೀರಿ."

ನಗು ಬಂದರೂ ನಗುವ ಹೊತ್ತಲ್ಲ. ಫೋಟೋ ಕಳಿಸಿದ ಅರ್ಧ ತಾಸಿನಲ್ಲಿ ಮಲಪನಗುಡಿಯ ನರ್ಸರಿಯವರು ಮನೆಗೇ ಬಂದರು. ಹಿಟ್ಟು ತಿಗಣೆ, ಎಂದರು. ಎಲ್ಲಿಂದ ಬಂತೆಂದು ಸುತ್ತ ನೋಡಿ ಹೂವಿನ ಬುಟ್ಟಿಯ ದಾಸವಾಳ ಎತ್ತಿ ತೊಟ್ಟು ತಿರುಗಿಸಿದರು. ಅಲ್ಲಿಯೂ ಬಿಳಿ. ತಂದವಳು ನಾನೇ. ತಲೆ ತಗ್ಗಿಸಿದೆ.

"ತಂಪು ಮಾಡೀರಿ, ಆದ್ರ ಗಾಳಿ ಆಡ್ಸಿಲ್ಲ. ಮುಂಜಾನಿ ಒಂದು ತಾಸು ಕಿಟಕಿ ತಗೀರಿ. ಭಾಳ ಕೆಟ್ಟಿದ್ದು ಎರಡು ಅದಾವಲ್ಲ, ಅವನ್ನ ಸುಡ್ರಿ. ಇಲ್ಲಂದ್ರ ಎಲ್ಲಾ ಹೋಗ್ತಾವ."

ಇರುವುದೇ ಆರು. ನಾನು ಅತ್ತೆಯ ಮುಖ ನೋಡಲಿಲ್ಲ. ಅವರು ಎದ್ದು, ತಾವೇ ಎರಡು ಕುಂಡ ಎತ್ತಿಕೊಂಡು ಹಿಂದಿನ ಅಂಗಳಕ್ಕೆ ಹೋದರು. ಒಲೆಗೆ ಹಾಕುವ ಮುನ್ನ ಕಡ್ಡಿಯನ್ನು ಒಂದು ಸಲ ಮೂಸಿದ್ದನ್ನು ಕಿಟಕಿಯಿಂದ ಕಂಡೆ.

ಆಮೇಲಿನ ಹತ್ತು ದಿನ ನಮ್ಮದು ಹೊಸ ಪೂಜೆ. ದೀಪಕ್ಕೆಂದು ಅತ್ತೆ ಹೊಸೆದಿಟ್ಟಿದ್ದ ಹೂಬತ್ತಿಗಳನ್ನು ಸೋಪಿನ ನೀರಿನಲ್ಲಿ ಅದ್ದಿ, ಗೆಣ್ಣು ಗೆಣ್ಣಿನ ಸಂದಿಯಲ್ಲಿ ಒಂದೊಂದೇ ಹುಳ ಒರೆಸುವುದು. ಸಂಜೆ ಬೇವಿನೆಣ್ಣೆ ಬೆರೆಸಿದ ನೀರು ಚಿಮುಕಿಸುವುದು. ಕುಂಡಗಳನ್ನು ನೀರು ತುಂಬಿದ ತಟ್ಟೆಯೊಳಗೆ ಇಟ್ಟಿಗೆಯ ಮೇಲೆ ಕೂರಿಸಿದ್ದರಿಂದ ಇರುವೆಗೆ ದಾರಿ ತಪ್ಪಿತು. ಹೂವಿನ ಬುಟ್ಟಿ ಅಡುಗೆಮನೆಗೆ ಹೋಯಿತು. ವಿಭೂತಿ ಕುಂಡಕ್ಕೆ ಮಾತ್ರ, ಬಳ್ಳಿಗಿಲ್ಲ. ಕಟ್ಟಳೆ ತಿದ್ದಿದವರೂ ಅತ್ತೆಯೇ. ಪಕ್ಕದ ಮನೆಯವರು ಇಣುಕಿ, "ಏನ್ರೀ ಅದು, ಎಲಿಗೆ ಕಿವಿ ತೊಳ್ಯಾಕತ್ತೀರಿ?" ಎಂದರೆ ಅತ್ತೆ ತಲೆಯೆತ್ತದೆ, "ಹೂಂ, ನಿಮ್ಮವೂ ತಗೊಂಬರ್ರಿ," ಎನ್ನುತ್ತಿದ್ದರು.

ನಾಲ್ಕರಲ್ಲಿ ಎರಡು ಉಳಿದವು.

ಮಳೆಗಾಲದ ಮೋಡ ಸಂಡೂರಿನ ಗುಡ್ಡದ ಕಡೆಯಿಂದ ಬಂದ ಮೇಲೆ ಆ ಎರಡೂ ಮೈ ಕೊಡವಿಕೊಂಡು ಎದ್ದವು. ಗೋಡೆಗೆ ಬೇರು ಕಚ್ಚಿ ಹಿಡಿದು ಕಿಟಕಿಯ ಎತ್ತರಕ್ಕೆ ಹೋದವು. ಆದರೂ ಅತ್ತೆ ಎಲೆ ಮುಟ್ಟಲಿಲ್ಲ. ಊಟವಾದ ಮೇಲೆ ಬರೇ ಅಡಿಕೆಯ ಚೂರು ಬಾಯಿಗೆ ಹಾಕಿಕೊಳ್ಳುವರು. ಒಂದು ದಿನ ಕೇಳಿಯೇಬಿಟ್ಟೆ. "ಬಾಯಿಗಿಟ್ರ ಅದ ರುಚಿ ಅಲ್ಲಂದ್ರ ಏನು ಮಾಡ್ಲೆವಾ?" ಎಂದರು, ಮೆಲ್ಲಗೆ. ಇಷ್ಟು ದಿನ ಹೊತ್ತಿದ್ದ ಅಂಜಿಕೆ ಅದು.

ಶ್ರಾವಣದ ಮೊದಲ ಸೋಮವಾರ ಊಟವಾದ ಮೇಲೆ ಎದ್ದು ಹೋಗಿ ಕೆಳಗಿನದೊಂದು ಎಲೆ ಕಿತ್ತರು. ತೊಟ್ಟು ಮುರಿದು, ನಾರು ಸುಲಿದು, ಉಗುರತುದಿಯಷ್ಟು ಸುಣ್ಣ ಸವರಿ ಬಾಯಿಗಿಟ್ಟುಕೊಂಡರು. ನಾವು ಗಂಡಹೆಂಡತಿ ಬಾಗಿಲಲ್ಲಿ ನಿಂತಿದ್ದೆವು. ದವಡೆ ಆಡಿತು, ನಿಂತಿತು, ಮತ್ತೆ ಆಡಿತು. ಕಣ್ಣಲ್ಲಿ ನೀರು ಬಂತು.

"ಏನಾತಬೇ?" ಎಂದರು ನಮ್ಮ ಯಜಮಾನರು, ಗಾಬರಿಯಿಂದ.

"ಖಾರಲೇ. ಚುರ್ ಅನ್ನೂ ಅದ ಖಾರ ಐತಿ." ನಗುತ್ತ ಇನ್ನೊಂದು ಎಲೆಗೆ ಕೈ ಹಾಕಿದರು.

ಮರುದಿನ ಬೆಳಿಗ್ಗೆ ನೋಡಿದರೆ ಅತ್ತೆ ದೊಡ್ಡ ಬಳ್ಳಿಯ ತುದಿ ಕತ್ತರಿಸಿ ಕಡ್ಡಿ ಮಾಡುತ್ತ ಕುಳಿತಿದ್ದಾರೆ. ನಾನು ಓಡಿ ಹೋಗಿ ಕೈ ಹಿಡಿದೆ.

"ಈಗಷ್ಟ ಉಳಿದಾವಲ್ರೀ, ಮತ್ತ್ಯಾಕ ಕತ್ತರಸಾಕತ್ತೀರಿ?"

"ಒಂದ ಗಿಡಕ್ಕ ಹಬ್ಬಿಸಿ ಐವತ್ತು ವರ್ಷದ ಮ್ಯಾಲ ಕುಂತಿದ್ದ ನನ್ನ ತಪ್ಪು. ಇದು ಮಲಪನಗುಡಿ ನರ್ಸರಿಯವ್ರಿಗೆ, ಇದು ನನ್ನ ತಂಗಿಗೆ, ಇದು ಪಕ್ಕದ ಮನಿಯಾಕಿಗೆ. ಕೇಳಿದವರಿಗೆಲ್ಲ ಕೊಡೂದು. ನೀ ಸ್ಕೂಟಿ ತಗೀ. ಬಿಸಲೇರೂದ್ರಾಗ ಜಲ್ದಿ ಹೋಗಿ ಬರೂಣು."