ಕೆಂಪು ಬಳಪದ ಸಾಲು

ದೆವ್ವ, ಶಕುನ, ಮೈಮೇಲೆ ಬರುವುದು ಎಂದರೆ ನನಗೆ ನಗು. ಈಗಲೂ ನಗುತ್ತೇನೆ. ಹಾಗಿದ್ದೂ ಕೆಲವು ವರ್ಷಗಳ ಹಿಂದೆ ವಾಡಿಯ ಶಾಲೆಯೊಂದರಲ್ಲಿ ಹಾಡಹಗಲೇ ನಡೆದದ್ದನ್ನು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಸೇಡಂನವಳು, ಮಕ್ಕಳ ಕಥೆ ಬರೆಯುತ್ತೇನೆ. ಆಗ ಅಜ್ಜಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳ ಕಥೆ ಬರೆದಿದ್ದೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಬಲಗೈ ಖಾಲಿ ಇದೆಯಲ್ಲ ಎಂದು ಕಥೆಯ ಹುಡುಗಿ ಅದರಲ್ಲಿ ತನ್ನ ಕೆಂಪು ಬಳಪ ಇಡುತ್ತಾಳೆ. ಫೋನಿನಲ್ಲಿ ಪ್ರಕಾಶಕರಿಗೆ "ಅಜ್ಜಿ ಸಾಯುತ್ತಾಳೆ" ಎಂದದ್ದೇ ತಡ, "ಮಕ್ಕಳು ಹೆದರ್ತಾರೆ ಮೇಡಂ, ಅಜ್ಜಿ ನಕ್ಷತ್ರವಾದಳು ಅಂತ ಬರೀರಿ" ಎಂದರು. ಥೂ, ಇನ್ನೆಷ್ಟು ಅಜ್ಜಿಯರನ್ನು ಆಕಾಶಕ್ಕೆ ಅಂಟಿಸುವುದು! ಆದರೂ ಪುಸ್ತಕ ಬರಲಿ ಎಂದು ಹಲ್ಲು ಕಚ್ಚಿ ಆ ಹಾಳೆ ಹರಿದೆ. ಬಳಪದ ಮಾತನ್ನು ಯಾರಿಗೂ ಹೇಳಿರಲಿಲ್ಲ, ತೋರಿಸಿರಲಿಲ್ಲ.

ನಕ್ಷತ್ರದ ಕಥೆಯನ್ನೇ ಹಿಡಿದು ಶಾಲೆಗೆ ಹೋದೆ. ಟೀಚರ್ ಬಾಗಿಲಲ್ಲೇ ತಡೆದು ಪಿಸುಗುಟ್ಟಿದರು: "ಮೇಡಂ, ಮುಂದ ಕುಂತಾಳಲ್ರಿ, ಆ ಹುಡುಗಿ ಅವ್ವ ತೀರ್ಕೊಂಡು ಭಾಳ ದಿನ ಆಗಿಲ್ರಿ. ಊರಿಗಿ ಹೋಗ್ಯಾಳಂತ ಹೇಳೀವಿ. ಜರಾ ನೋಡ್ಕೊಂಡು ಓದ್ರಿ." ಅವರ ಮನೆಯವರೂ ಲಿಂಗಾಯತರೇ; ಮಣ್ಣಿನ ದಿನ ಮಗುವನ್ನು ಚಿತ್ತಾಪುರದ ಚಿಕ್ಕಮ್ಮನ ಮನೆಗೆ ಸಾಗಿಸಿದ್ದರಂತೆ.

ಓದಿ ಮುಗಿಸಿದೆ. ಆ ಹುಡುಗಿ ಎದ್ದು ನಿಂತಳು.

"ಅಕ್ಕೋರೆ, ಅಜ್ಜಿ ಬಲಗೈಯಾಗ ಕೆಂಪ ಬಳಪ ಇಟ್ಟಿದ್ದು ಯಾಕ ಓದ್ಲಿಲ್ರಿ?"

ಹಾಳೆಗಳನ್ನು ಕೆಳಗಿಟ್ಟೆ. "ಯಾರು ಹೇಳಿದ್ರವ್ವ ನಿನಗ?" ಎಂದೆ.

"ಯಾರೂ ಹೇಳವಲ್ರು. ಅದಕ್ಕ ಕೇಳಾಕತ್ತೀನಿ. ನಮ್ಮವ್ವನ ಕೈಯಾಗ ಏನ್ ಇಟ್ರು?"

ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದ್ದದ್ದು ಇದ್ದಂತೆ ಹೇಳಿದೆ: ಕೂರಿಸಿದ್ದು, ಲಿಂಗ, ಖಾಲಿ ಬಲಗೈ. ಅವಳು ಜೋರಾಗಿ ಅತ್ತಳು. ಅವ್ವ ಹೋದ ಮೇಲೆ ಅತ್ತದ್ದು ಅದೇ ಮೊದಲಂತೆ.

ಕಾಕತಾಳೀಯ ಎನ್ನುವವರಿದ್ದಾರೆ. ಸರಿ, ಬಳಪ ಎಂದು ಊಹಿಸಿದಳು. ಕೆಂಪು? ಬಲಗೈ? ನನಗಂತೂ ಇವತ್ತಿಗೂ ತಿಳಿದಿಲ್ಲ. ಆ ಸಂಜೆಯೇ ಹರಿದ ಸಾಲನ್ನು ಮತ್ತೆ ಬರೆದೆ. ಪ್ರಕಾಶಕರು ಒಪ್ಪಲಿಲ್ಲ, ಆಮೇಲೆ ನಾನು ಕೇಳಿದ ಬೇರೆ ಪ್ರಕಾಶಕರೂ ಒಪ್ಪಿಲ್ಲ. ಬೇಡ ಬಿಡಿ, ಪುಸ್ತಕ ಬಾರದಿದ್ದರೆ ಅಷ್ಟೇ ಹೋಯಿತು. ಸಾಲು ಮಾತ್ರ ತೆಗೆಯುವುದಿಲ್ಲ. ಮಕ್ಕಳು ಹೆದರುತ್ತಾರೆ ಎನ್ನುವವರು ಒಮ್ಮೆ ವಾಡಿಗೆ ಬರಲಿ. ಆ ಹುಡುಗಿಯ ಮುಂದೆ ನಿಂತು ನಕ್ಷತ್ರ ತೋರಿಸಲಿ.