ಹೊಳೆಯಾಚೆ ಹೋಗಬೇಕಿದ್ದ ಬಾಳ್ಯಾ

ಮಕ್ಕಳೇ, ನಾನಿನ್ನೂ ಚಿಕ್ಕವನಿದ್ದಾಗಿನ ಒಂದು ಶನಿವಾರದ ಸಂಗತಿಯಿದು. ವರ್ಷವನ್ನು ಖಚಿತಪಡಿಸಿಕೊಳ್ಳಲು ಅಕ್ಕನನ್ನು ಕೇಳಿದೆ, ನನ್ನ ಹಳೆಯ ಪ್ರಗತಿಪತ್ರವನ್ನೂ ತೆಗೆದು ನೋಡಿದೆ. ಎರಡೂ ಒಂದಕ್ಕೊಂದು ತಾಳೆಯಾಗಲಿಲ್ಲ. ಎಂಬತ್ತರ ದಶಕ ಆಗಷ್ಟೇ ಆರಂಭವಾಗಿತ್ತು ಎಂಬುದು ಮಾತ್ರ ನಿಶ್ಚಿತ. ಅದು ತಂಬಾಕು ಮಾರುವ ಕಾಲ ಎಂಬುದರಲ್ಲಿಯೂ ಸಂಶಯವಿಲ್ಲ. ನಿಪ್ಪಾಣಿ ಹತ್ತಿರದ ಭೋಜ ಊರಿನ ನಮ್ಮ ಮನೆಯ ನಡುಕೋಣೆಯಲ್ಲಿ ಗೋಡೆಯುದ್ದಕ್ಕೂ ತಂಬಾಕಿನ ಚೀಲಗಳು ನಿಂತಿದ್ದವು. ಒಳಗೆ ಕಾಲಿಟ್ಟವರೆಲ್ಲ ಸೀನುತ್ತಿದ್ದರು.

ಅಂದು ಬೆಳಗ್ಗೆ ಆ ಘಾಟನ್ನೂ ಮೀರಿಸುವ ಇನ್ನೊಂದು ನಾತ ಕೋಣೆಯನ್ನು ತುಂಬಿತ್ತು. ನಮ್ಮ ಗಂಡು ಬೆಕ್ಕು ಬಾಳ್ಯಾ ಗೋಡೆಗೂ ಅಂಚಿನ ಚೀಲಕ್ಕೂ ಮತ್ತೆ ಮೂತ್ರ ಸಿಡಿಸಿತ್ತು. ಆ ವಾರದಲ್ಲಿ ಇದು ಎಷ್ಟನೆಯ ಸಲವೋ ಲೆಕ್ಕ ತಪ್ಪಿತ್ತು. ಅಪ್ಪ ಚೀಲದ ಬಾಯಿ ಬಿಚ್ಚಿ ಮೂಸಿ ನೋಡಿ ಮುಖ ತಿರುಗಿಸಿದರು.

"ನಾಳೆ ವ್ಯಾಪಾರಿ ಬಂದು ಮುಷ್ಟಿ ತುಂಬ ತಗದು ಮೂಸ್ತಾನ. ತಂಬಾಕ ಮಾರಾಕತ್ತೀಯೋ, ಬೆಕ್ಕ ಮಾರಾಕತ್ತೀಯೋ ಅಂತ ಕೇಳ್ತಾನ. ಸಂಜೀಕ ಇದನ್ನ ಹೊಳಿ ಆಚೆ ಬಿಟ್ಟ ಬರ್ತೀನಿ."

ಹೊಲಸು ಮಾಡುವ ಬೆಕ್ಕನ್ನು ಚೀಲದಲ್ಲಿ ಕಟ್ಟಿ, ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ಹೊಳೆಯಾಚೆ ಬಿಟ್ಟು ಬರುವುದು ನಮ್ಮೂರಿನ ರೂಢಿ. ನೀರು ದಾಟಿದ ಬೆಕ್ಕು ಮರಳುವುದಿಲ್ಲ ಎಂಬ ನಂಬಿಕೆಯಿತ್ತು.

"ಸಂಜೀ ತನಕರ ತಡಿಯಪಾ," ಅಂದಳು ಅಕ್ಕ. "ಯಾಕ ಹಿಂಗ ಮಾಡ್ತೈತಿ ಅಂತ ನೋಡ್ತೀವಿ."

"ನೋಡ್ರಿ, ನೋಡ್ರಿ. ನಮ್ಮ ಮನ್ಯಾಗ ಬೆಕ್ಕಿನ ಹಿಂದ ತಿರುಗೂ ಕೆಲಸ ಒಂದ ಬಾಕಿ ಇತ್ತು," ಎಂದು ಅಪ್ಪ ಹೊಲಕ್ಕೆ ಹೋದರು. ಅವ್ವ ತಂಬಿಗೆಯಲ್ಲಿ ಗೋಮೂತ್ರ ತಂದು, ಎಂದಿನಂತೆ, ಗೋಡೆಗೂ ನೆಲಕ್ಕೂ ಚಿಮುಕಿಸಿ ಶುದ್ಧ ಮಾಡಿದಳು.

ಬೆಳಗಿನ ಶಾಲೆ ಮುಗಿಸಿ ಬಂದವರೇ ನಾವಿಬ್ಬರೂ ಚೀಲಗಳ ಮೇಲೆ ಹತ್ತಿ ಕುಳಿತೆವು. ಬಾಳ್ಯಾನಿಗೆ ನಿಂತಲ್ಲಿ ನೆಲೆಯಿರಲಿಲ್ಲ. ಬಟ್ಟಲಿನ ಹಾಲನ್ನು ಮುಟ್ಟಲಿಲ್ಲ. ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ತಿರುಗುತ್ತಲೇ ಇತ್ತು. ನನಗೂ ಕುಳಿತಿರಲಾಗುತ್ತಿರಲಿಲ್ಲ. ಬಿಸಿಲು ಹೊಸ್ತಿಲಿನಿಂದ ಒಂದೊಂದು ಗೇಣು ಹಿಂದೆ ಸರಿದಂತೆಲ್ಲ ಅಪ್ಪನ ಸೈಕಲ್ಲಿನ ಸದ್ದು ಕೇಳಿಸಿದಂತಾಗಿ ಎದ್ದೆದ್ದು ನೋಡುತ್ತಿದ್ದೆ. ಒಮ್ಮೆಲೇ ಬೆಕ್ಕು ಕಿಟಕಿಯಲ್ಲಿ ಬೆನ್ನು ಸೆಟೆಸಿ ನಿಂತಿತು. ಹೊರಗೆ ಹಿತ್ತಲ ಗೋಡೆಯ ಮೇಲೆ ಕಿವಿ ಹರಿದ ಹಳದಿ ಗಂಡು ಬೆಕ್ಕೊಂದು ಕೂತಿತ್ತು. ಬಾಳ್ಯಾ ಕೆಳಗೆ ಹಾರಿ, ಗೋಮೂತ್ರ ಬಿದ್ದ ಜಾಗವನ್ನು ಬಾಯಿ ಅರೆತೆರೆದು ಮೂಸಿತು. ಆಮೇಲೆ ಗೋಡೆಗೆ ಬೆನ್ನು ಮಾಡಿ, ಬಾಲ ನೆಟ್ಟಗೆತ್ತಿ, ಅದರ ತುದಿಯನ್ನು ನಡುಗಿಸುತ್ತ, ನಿಂತಂತೆಯೇ ಸಿಡಿಸಿತು. ಕುಳಿತು ಮಾಡಲಿಲ್ಲ. ಅದನ್ನು ನಾನು ಗಣಿತದ ವಹಿಯ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಹಳದಿ ಬೆಕ್ಕು ಮತ್ತೆ ಬಂದಿತು. ಬಾಳ್ಯಾ ಮತ್ತೆ ಅದೇ ಜಾಗಕ್ಕೇ ಹೋಯಿತು.

ಅಷ್ಟರಲ್ಲಿ ಅಪ್ಪ ಬಂದೇಬಿಟ್ಟರು. ಕೈಯಲ್ಲಿ ಖಾಲಿ ಚೀಲವಿತ್ತು. ನಾನು ಬೆಕ್ಕನ್ನು ಅವಚಿಕೊಂಡೆ, ಅದು ನನ್ನ ಕೈಯನ್ನೇ ಪರಚಿತು. ಪಕ್ಕದ ಮನೆಯ ಎಮ್ಮೆ ನೋಡಲು ದನದ ಡಾಕ್ಟರು ಬಂದಿದ್ದರು. ಅಕ್ಕ ಓಡಿಹೋಗಿ, ಕೈ ತೊಳೆಯುತ್ತಿದ್ದ ಅವರನ್ನು ಹಾಗೆಯೇ ಕರೆತಂದಳು. ಅವರು ನನ್ನ ವಹಿಯನ್ನು ಓದಿ, ಗೋಡೆ ಮೂಸಿ, ಅಪ್ಪನತ್ತ ತಿರುಗಿದರು.

"ಹೊಲದ ಸೀಮಿಗೆ ಕಲ್ಲ ಹುಗದೀರೇನ್ರಿ?"

"ಹೌದ್ರಿ. ಬಾಜೂ ಹೊಲದಾಂವ ಎರಡ ಸಲ ಕಿತ್ತ ಸರಿಸಿದ್ದ, ಎರಡೂ ಸಲ ತಿರುಗಿ ಹುಗದೀನಿ."

"ಇದೂ ಅದನ್ನ ಮಾಡಾಕತ್ತೈತಿ. ಹೊರಗಿನ ಗಂಡು ಬಂದು ಕಾಡತೈತಿ, ಇದು ತನ್ನ ಸೀಮಿ ಗುರುತ ಹಾಕತೈತಿ. ನೀವು ಗೋಮೂತ್ರ ಹೊಡದು, ಮತ್ತೊಬ್ಬಾಂವ ಒಳಗ ಬಂದು ಕಲ್ಲ ಹುಗದಂಗ ಮಾಡೀರಿ. ಅದು ಸುಮ್ಮನಿರತೈತೇನ್ರಿ?"

ಅವ್ವ ಸೆರಗು ಬಾಯಿಗೊತ್ತಿ ನಕ್ಕಳು. ಅಪ್ಪ ನಗಲಿಲ್ಲ. ಸೀಮೆಯ ಕಲ್ಲಿನ ಚಿಂತೆಯಲ್ಲಿ ಅವರೂ ಆ ಬೇಸಿಗೆಯೆಲ್ಲ ಹೊಲದ ಬದುವಿನಲ್ಲಿ ಅತ್ತಿಂದಿತ್ತ ತಿರುಗಿದ್ದರು. ಕೈಯಲ್ಲಿದ್ದ ಖಾಲಿ ಚೀಲವನ್ನು ಕೆಳಗಿಟ್ಟು, "ಹಂಗಾದ್ರ ಏನ ಮಾಡೂನ್ರಿ ಈಗ?" ಎಂದು ಕೇಳಿದರು.

ಸಾಬೂನು ನೀರಿನಿಂದ ಗೋಡೆ ತೊಳೆಯಬೇಕು, ಹೊರಗಿನ ಬೆಕ್ಕು ಕಾಣದಂತೆ ಕಿಟಕಿಯ ಕೆಳಭಾಗಕ್ಕೆ ಹಲಗೆ ಬಡಿಯಬೇಕು, ಬೆಕ್ಕನ್ನು ಹೊಡೆಯಬಾರದು; ಹೊಡೆದರೆ ಅದರ ದಿಗಿಲು ಹೆಚ್ಚಾಗಿ ಮತ್ತಷ್ಟು ಸಿಡಿಸುತ್ತದೆ ಎಂದರು ಡಾಕ್ಟರು. ಹೋರಿಗಳಿಗೆ ಮಾಡುವಂತೆ ಇದಕ್ಕೂ ಬೀಜ ತೆಗೆಯುವ ಸಣ್ಣ ಆಪರೇಶನ್ನು ಬೇಕೆಂದರು. ಸೋಮವಾರ ಅಪ್ಪನೇ ಬಾಳ್ಯಾನನ್ನು ಬುಟ್ಟಿಯಲ್ಲಿಟ್ಟುಕೊಂಡು ನಿಪ್ಪಾಣಿಯ ದನದ ದವಾಖಾನೆಗೆ ಹೋದರು. ಆಪರೇಶನ್ನಾದ ಮೇಲೂ ಅದು ಎರಡು ಸಲ ಸಿಡಿಸಿತು. ಅಪ್ಪ ಬೈದುಕೊಳ್ಳುತ್ತಲೇ ತಾವೇ ಸಾಬೂನು ಹಚ್ಚಿ ತಿಕ್ಕಿದರು. ಕ್ರಮೇಣ ನಿಂತಿತು.

ಮಕ್ಕಳೇ, ಹೋದ ತಿಂಗಳು ನಿಮ್ಮ ಬೆಕ್ಕು ಪರದೆಗೆ ಸಿಡಿಸಿದಾಗ ನೀವು ಮೊಬೈಲಿನಲ್ಲಿ ವಿಡಿಯೋ ತೆಗೆದು ಡಾಕ್ಟರಿಗೆ ಕಳಿಸಿದಿರಿ. ಚಹಾ ಆರುವುದರೊಳಗೆ ಉತ್ತರ ಬಂದಿತು. ನಿಮ್ಮ ಬೆಕ್ಕಿನ ಹೆಸರು, ವಯಸ್ಸು, ಹಾಕಿಸಿದ ಲಸಿಕೆ ಎಲ್ಲವೂ ಮೊಬೈಲಿನ ಒಂದು ಕಡತದಲ್ಲಿವೆ. ಅದನ್ನು ನೋಡುವಾಗ ನನಗೆ ಬಾಳ್ಯಾ ನೆನಪಾಗಲಿಲ್ಲ. ಬಾಳ್ಯಾನಿಗಿಂತ ಮೊದಲು ನಮ್ಮ ಮನೆಯಿಂದ ಹೊಳೆಯಾಚೆ ಹೋದ ಎರಡು ಬೆಕ್ಕುಗಳು ನೆನಪಾದವು. ಅವೂ ಅದೇ ಕೋಣೆಯಲ್ಲಿ, ಅದೇ ಕಿಟಕಿಯ ಬಳಿ ಸಿಡಿಸುತ್ತಿದ್ದವು. ಅವುಗಳ ಹೆಸರನ್ನು ಅಕ್ಕನಿಗೆ ಫೋನು ಮಾಡಿ ಕೇಳಿದೆ. ಅವಳಿಗೂ ನೆನಪಿರಲಿಲ್ಲ.